ಬಂಡೆಯ ಹಿಂದೆ, ಮೈನಸ್ ನೂರಾ ಹದಿನೆಂಟು

ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ನಾಲ್ಕು ಫೋನು,
ರಬ್ಬರ್ ಬ್ಯಾಂಡು ಬಿಗಿದು ಕೂರಿಸಿದ್ದೇನೆ.
ಎರಡು ನಿಮಿಷಕ್ಕೊಮ್ಮೆ ಒಂದು ಇನ್ನೊಂದನ್ನು ಕರೆಯುತ್ತದೆ,
ಅದು ಎತ್ತುತ್ತದೆ,
ಎರಡೂ ಮಾತಾಡುವುದಿಲ್ಲ.
ಆ ಮೌನ ಎಷ್ಟು ಸ್ಪಷ್ಟ ಕೇಳಿಸಿತೆಂದು
ಬರೆದುಕೊಳ್ಳುವುದು ನನ್ನ ಸಂಬಳದ ಕೆಲಸ.

"ಗಂಡ ಹೆಂಡ್ತಿ ಇದ್ದಂಗವೆ ನೋಡು ನಸೀಮಕ್ಕ,"
ಗೇರು ಬದಲಿಸುತ್ತಾನೆ ರುದ್ರೇಶಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಬೆಳೆದವಳು ನಾನು.
ಕಾದ ಮರಳಿಗೆ ಅಕ್ಕಿ ಬಿದ್ದರೆ
ಇಡೀ ಶೆಡ್ಡು ಪಟಪಟ ಸಿಡಿಯುತ್ತಿತ್ತು.
ಆ ಗದ್ದಲದೊಳಗೇ ಅಬ್ಬಾಗೆ ಗೊತ್ತಾಗುತ್ತಿತ್ತು
ಜರಡಿ ಎತ್ತುವ ಗಳಿಗೆ.
ಚೂರು ತಡವಾದರೆ ಕಪ್ಪು.
ಕಾಲೇಜಿನಲ್ಲಿ ಮೇಷ್ಟರು
ಮೇಲೆ ಸಿಗ್ನಲ್ಲು, ಕೆಳಗೆ ನಾಯ್ಸು ಬರೆದು
ನಡುವೆ ಗೀಟು ಎಳೆದಾಗ
ಮನಸ್ಸಿನಲ್ಲೇ ಅಂದುಕೊಂಡೆ,
ಇದು ಅಬ್ಬಾನ ಕಿವಿ.

ಇವತ್ತು ದುರ್ಗದ ಸೀಮೆ.
ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು
ಮನಸ್ಸಿಲ್ಲದ ಮನಸ್ಸಿನಿಂದ ತಿರುಗುತ್ತಿವೆ.
ಹೆದ್ದಾರಿಯುದ್ದಕ್ಕೂ ನಕಾಶೆ ಹಸಿರೋ ಹಸಿರು.
ಹೊಸ ಅಲೆ ಬಲು ಚುರುಕು, ಆದರೆ ಸುಖವಾಸಿ;
ಗೋಡೆ ಕಂಡರೆ ಸುಸ್ತು, ಹುಣಸೆ ಎಲೆಗೂ ತೊಡರುತ್ತದೆ,
ನೂರು ಮಾರಿಗೊಂದು ಕಂಬ ಬೇಡುತ್ತದೆ.
ಹಳೆಯ ಅಲೆ ನಿಧಾನಿ.
ಮೂಟೆ ಹೊತ್ತ ಹಮಾಲನ ಹಾಗೆ
ಸಂದಿಗೊಂದಿ ನುಸುಳಿ ಹೇಗೋ ಮನೆ ಮುಟ್ಟುತ್ತಿತ್ತು.
ಅದನ್ನು ಮನೆಗೆ ಕಳಿಸುವ ಮಾತು ನಡೆದಿದೆ.

ಗಾಳಿಗೂ ಸರ್ವೆ ನಂಬರಿದೆ ಎಂದರೆ ರುದ್ರೇಶಿ ನಂಬುವುದಿಲ್ಲ.
ಪಟ್ಟಿ ಪಟ್ಟಿಯಾಗಿ ಹರಾಜು, ಕಣೋ,
ಬದುವಿಲ್ಲ, ಬೇಲಿಯಿಲ್ಲ, ಬೆಲೆ ಕೋಟಿ ಕೋಟಿ.
"ಮತ್ತೆ ಕಂದಾಯ ಯಾರ್ ಕಟ್ತಾರೆ?"
ಅವನ ರೀಚಾರ್ಜು ಜ್ಞಾಪಿಸಿದೆ.

ಟಾರು ಮುಗಿದ ಮೇಲೆ ಎರಡು ಮೈಲಿ.
ಯಾರೋ ಅಳತೆ ತಪ್ಪಿ ಒಟ್ಟಿದಂಥ ಬಂಡೆ,
ಅದರ ಬೆನ್ನಿಗೆ ಅರವತ್ತು ಮನೆ.
ತಿರುವಿನಲ್ಲಿ ಮೊದಲ ಫೋನು ಕೈಬಿಟ್ಟಿತು,
ಆಮೇಲೆ ಮೂರನೆಯದು.
ಪರದೆಯ ಹಸಿರು ಹಳದಿಗೆ ಹಣ್ಣಾಗಿ, ಕೆಂಪಾಗಿ,
ಮೈನಸ್ ನೂರಾ ಹದಿನೆಂಟು.
ಬಿಸಿಲಿನ ನೆರಳಾದರೆ ಸಂಜೆಗೆ ಜರುಗುತ್ತದೆ.
ಇದು ಜರುಗುವುದಿಲ್ಲ.

ಬಂಡೆಯ ಮೇಲೆ ಜನ, ಸಾಲಾಗಿ.
ಏನೋ ಹರಕೆ ಇರಬೇಕು ಅಂದುಕೊಂಡೆ.
ನ್ಯಾಯಬೆಲೆ ಅಂಗಡಿಯ ಬೋಸಯ್ಯ
ಹೆಬ್ಬೆಟ್ಟಿನ ಯಂತ್ರವನ್ನು ಟವೆಲಿನಲ್ಲಿ ಸುತ್ತಿ
ಕಂಕುಳಲ್ಲಿ ಮೇಲಕ್ಕೆ ಒಯ್ದಿದ್ದಾನೆ.
ಅಕ್ಕಿ ರಾಗಿ ಕೆಳಗೆ, ಸಾಕ್ಷಿ ಮೇಲೆ.
ಒಬ್ಬೊಬ್ಬರೇ ಹತ್ತಿ, ಬೆರಳೊತ್ತಿ,
ಚೀಟಿ ಹಲ್ಲಲ್ಲಿ ಕಚ್ಚಿ ಇಳಿಯಬೇಕು.

ಕ್ಯಾತಮ್ಮನದು ಇದು ಐದನೇ ಸಲ.
ಜಲ್ಲಿ ಒಡೆದು ಸವೆದ ಬೆರಳು,
ಗೆರೆಯೇ ಉಳಿದಿಲ್ಲ.
ಮತ್ತೊಮ್ಮೆ ಪ್ರಯತ್ನಿಸಿ, ಅನ್ನುತ್ತದೆ ಯಂತ್ರದ ಹೆಣ್ಣುದನಿ.
"ಯಾರೇ ಅವ್ಳು, ಒಳಗ್ ಕುಂತಾಳಲ್ಲ?
ನಾನು ನಾನೇಯ ಅಂತ ಅವ್ಳಿಗೆ ಯಾರಾನ ಹೇಳ್ರವ್ವ."

ತಪ್ಪು ಬೆರಳಿನದೋ ಗಾಳಿಯದೋ?
ನನ್ನ ತಖ್ತೆಯಲ್ಲಿ ಬೆರಳಿಗೆ ಕಾಲಮ್ಮಿಲ್ಲ.
ಬೆಳಗ್ಗೆ ಆಫೀಸಿನಿಂದ ಬಂದ ಮೆಸೇಜು:
ಕಚ್ಚಾ ರಸ್ತೆ ಬೇಡ, ಹೆದ್ದಾರಿ ಸಾಕು.
ಹೋಗದ ಊರು ಕೆಂಪಾಗುವುದಿಲ್ಲ,
ಶೇಕಡಾ ತೊಂಬತ್ತೆಂಟು ತೊಂಬತ್ತೆಂಟಾಗಿಯೇ ಇರುತ್ತದೆ.

ರಬ್ಬರ್ ಬ್ಯಾಂಡು ಬಿಚ್ಚಿ
ಇದ್ದುದರಲ್ಲಿ ಗಟ್ಟಿಯ ಫೋನು ಹಿಡಿದು ಬಂಡೆ ಹತ್ತಿದೆ,
ಹಾಟ್‌ಸ್ಪಾಟ್ ಆನ್ ಮಾಡಿ ಕೈ ಎತ್ತಿ ನಿಂತೆ.
ಯಂತ್ರದ ಚಕ್ರ ತಿರುಗಿತು, ತಿರುಗಿತು.
ಅಷ್ಟೂ ಜನ ಉಸಿರು ಹಿಡಿದ ಆ ಗಳಿಗೆ
ಜರಡಿ ಎತ್ತಬೇಕೋ ಬೇಡವೋ,
ನನಗೆ ಕೇಳಿಸಲಿಲ್ಲ.

ಕೆಳಗಿಳಿದು ಹೇಳಿದೆ, ಊರು ಸುತ್ತು ಹೊಡಿ.
ಹೊರಗಿನಿಂದ ಒಂದು, ತಿಪ್ಪೆಗಳ ಒಳಗೆ ಒಂದು,
ಬೋರ್‌ವೆಲ್ ಸುತ್ತಿ, ಅಂಗನವಾಡಿ ಸುತ್ತಿ,
ಎಂಟು ಸುತ್ತು.
"ಡೀಸೆಲ್ ಲೆಕ್ಕ ನೀನೇ ಕೊಡು," ಅಂದ ರುದ್ರೇಶಿ,
ಅಂದವನು ಇನ್ನೊಂದು ಸುತ್ತು ತಾನಾಗಿಯೇ ಹೊಡೆದ.

ಪರದೆಯಲ್ಲಿ ಈಗ ಕೆಂಪು,
ಗೆರೆಯೊಳಗೆ ಗೆರೆ, ಗೆರೆಯೊಳಗೆ ಗೆರೆ.
ಸೇವ್ ಒತ್ತಿದೆ.
ಕಳಿಸಲು ಹೆದ್ದಾರಿ ಸಿಗುವವರೆಗೂ ಕಾಯಬೇಕು.