ಕೆಮ್ಮಣ್ಣಿನ ಬಾಟಲಿ

ನೇಜಾರು ದಾಟಿದ ಮೇಲೆ ಬಾಟಲಿಯ ಮುಚ್ಚಳ ಹಾರಿತು.
ಬಸ್ಸಿಡೀ ಕೊಳೆತ ಮೊಟ್ಟೆ.
ಮುಂದಿನ ಸೀಟಿನವರು ಹಿಂದಿನವರನ್ನು ನೋಡಿದರು,
ಹಿಂದಿನವರು ಬುಟ್ಟಿ ಹಿಡಿದ ಹೆಂಗಸನ್ನು.
ಆಕೆ ಮೂಗಿಗೆ ಸೆರಗು ಒತ್ತಿ
"ನನ್ನದಲ್ಲ ಮಾರಾಯ್ರೆ, ನನ್ನದು ಇವತ್ತಿನ ಬಂಗುಡೆ" ಎಂದಳು.
ನಾನು ಕಿಟಕಿಯಾಚೆ ನೋಡುತ್ತ
ಶಾಲಿನೊಳಗೆ ಅದುಮಿ ಹಿಡಿದಿದ್ದೆ
ಕಾಲು ಲೀಟರ್ ಕಪ್ಪು ನೀರು.

ಸೇಸಿ ಪೂಜಾರ್ತಿ ಬೆಳಿಗ್ಗೆಯೇ ಹೇಳಿದ್ದರು:
ಕಂಠದವರೆಗೆ ತುಂಬಿಸಬೇಡ,
ಉಸಿರಿಗೆ ಜಾಗ ಬೇಕು ಅವಕ್ಕೆ.
ಇವು ಗಾಳಿ ಬೇಡದ ಜೀವಿಗಳು,
ತಾಗಿದರೆ ಸಾಯುವಂಥವು ಎಂದು
ಸೆಮಿನಾರಿನ ದನಿಯಲ್ಲಿ ನಾನು.
"ತಕೊಳ್ಳಲಿಕ್ಕೆ ಅಲ್ಲ ಮಗಾ,
ಬಿಡಲಿಕ್ಕೆ."

ಕುದ್ರುವಿನ ಅಂಚಿಗೆ, ಸೊಂಟದ ನೀರಲ್ಲಿ,
ಬಲೆ ಕಟ್ಟಿ ಮುಳುಗಿಸಿದ ತೆಂಗಿನ ಸಿಪ್ಪೆ,
ಮೇಲೆ ಕೆಸರು, ಮಡಲು, ಮಡಲಿನ ಮೇಲೆ ಕಲ್ಲು.
ಸೋಣದಲ್ಲಿ ಹೂತದ್ದನ್ನು ಪಗ್ಗುವಿಗೆ ತೆಗೆಯುವುದು.
ಉಬ್ಬರ ಬರುತ್ತದೆ, ಇಳಿಯುತ್ತದೆ,
ಒಂದೊಂದು ಗುಳ್ಳೆ ಮೇಲೆದ್ದು ಒಡೆಯುತ್ತದೆ.
ಕೆಳಗೆ ಯಾರೋ ಅವಸರವಿಲ್ಲದೆ ಉಣ್ಣುತ್ತಿದ್ದಾರೆ
ನಾರನ್ನಲ್ಲ,
ನಾರಿಗೆ ನಾರನ್ನು ಹಿಡಿದಿಟ್ಟ ಗೋಂದನ್ನು.

ಪೆಕ್ಟಿನ್, ಅಂದೆ.
"ಹೆಸರು ಬೇರೆ ಉಂಟಾ ಅದಕ್ಕೆ?"
ಸೇಸಿ ಕೊಡತಿ ಕೆಳಗಿಟ್ಟರು.
ಹಸಿ ಸಿಪ್ಪೆಗೆ ಬಡಿದರೆ ಒಡೆಯುವುದು ಕೈ.
ಇದು ನೋಡು, ಎರಡು ಪೆಟ್ಟು,
ಎಣ್ಣೆ ಹಚ್ಚಿದ ತಲೆಯ ಹಾಗೆ ಬಿಡಿಸಿಕೊಳ್ತದೆ.

ಮದುವೆಯ ಪಂಕ್ತಿಯಲ್ಲಿ
ಅವರ ಎಡಬಲದ ಎಲೆ ಖಾಲಿ ಉಳಿಯುತ್ತಿತ್ತಂತೆ.
ಸೀಗೆಗೆ ಹೋಗದ, ಸಾಬೂನಿಗೆ ಹೋಗದ ವಾಸನೆ.
"ಲಾಡು ಮಾತ್ರ ನನಗೇ ಮೊದಲು,
ಬೇಗ ಏಳಲಿ ಅಂತ!"
ಹೇಳಿ ನಕ್ಕರು, ಉಗುರಿನ ಕಪ್ಪು ನೋಡಿಕೊಂಡರು,
ಮತ್ತೆ ಕೊಡತಿ.
ಮಿಲ್ಲಿನಲ್ಲಿ ಈಗ ಗಂಟೆಯೊಳಗೆ ನಾರು.
ಮಿಷಿನಿಗೆ ಕಾಯ್ಲಿಕ್ಕೆ ಬರುವುದಿಲ್ಲ, ಪಾಪ, ಎಂದರು.

ಮೂರನೆಯ ದಿನ,
ಗಾಳಿ ತೆಗೆದ ಜಾಡಿಯೊಳಗಿನ ತಟ್ಟೆಯಲ್ಲಿ
ಸಾಸಿವೆಗಿಂತ ಸಣ್ಣ ಹನ್ನೊಂದು ಚುಕ್ಕೆ.
ಬಣ್ಣ ಹೊಯ್ದು ತೊಳೆದರೆ
ಪ್ರತಿಯೊಂದರ ಸುತ್ತಲೂ ತಿಳಿಯಾದ ಒಂದು ಬಳೆ:
ಕೈಯಿಲ್ಲದವು
ಕೈಗೆಟಕುವಷ್ಟನ್ನು ಬಳಿದು ಮುಗಿಸಿದ್ದವು.

ಫೋನು ಮಾಡಿದೆ. ಆಚೆ ಬಡಿಯುವ ಸದ್ದು ನಿಂತಿತು.
ನಿಮ್ಮವು ಬಂದಿವೆ, ಅಂದೆ.
"ಹೌದಾ? ವಣಸ್ ಆಂಡಾ ಅವಕ್ಕೆ?"

ತಟ್ಟೆಯನ್ನು ಬೆಳಕಿಗೆ ಹಿಡಿದು
ಇನ್ನೊಮ್ಮೆ ನೋಡಿದೆ.
"ಆಂಡ್."