ಹೊನ್ನೂರಾ ಎಂದರೆ

ಹೊನ್ನೂರಾ ಎಂದರೆ ಇಬ್ಬರು ತಿರುಗುತ್ತಾರೆ.
ಒಬ್ಬ ಹೊನ್ನೂರಸ್ವಾಮಿ, ಒಬ್ಬ ಹೊನ್ನೂರವಲಿ.
ಹಡೆಯುವ ಮುಂಚೆ ಇಬ್ಬರ ತಾಯಂದಿರೂ
ಒಂದೇ ದರ್ಗಾಕ್ಕೆ ಹರಕೆ ಹೊತ್ತವರು,
ಒಂದೇ ದಿನ ಸಕ್ಕರೆ ಓದಿಸಿದವರು.

ನಾನು ಪೀಟಿ ಟೀಚರು, ಹುಲಿಗೆಮ್ಮ.
ನಿವೃತ್ತಿಯಾಗಿ ಮೂರು ವರ್ಷ.
ಸೀಟಿ ಮಾತ್ರ ಸರಕಾರಕ್ಕೆ ವಾಪಸು ಕೊಟ್ಟಿಲ್ಲ.

ಬಳ್ಳಾರಿಯ ಕೌಲ್ ಬಜಾರಿನ ಹಿಂದೆ,
ಜೀನ್ಸ್ ತೊಳೆಯುವ ಘಟಕದ ಗೋಡೆಗೆ ಹತ್ತಿ
ಒಂದು ತುಂಡು ಬಯಲು.
ಸಂಜೆ ಐದೂವರೆಗೆ, ಬಿಸಿಲು ಇನ್ನೂ ಕಚ್ಚುತ್ತಿರುವಾಗ,
ಸುಣ್ಣದ ಪುಡಿಯಲ್ಲಿ ನಡುಗೆರೆ ಎಳೆಯುತ್ತೇನೆ.
ಬಣ್ಣದ ತೊಟ್ಟಿಯಿಂದ ಹುಡುಗರು ನೇರ ಬರುತ್ತಾರೆ,
ಮೊಣಕೈತನಕ ನೀಲಿ, ಉಗುರೊಳಗೆ ನೀಲಿ,
ಎಷ್ಟು ಸೋಪು ತಿಕ್ಕಿದರೂ ಬಿಡದ ನೀಲಿ.
ಹೀಗಾಗಿ ನನ್ನ ಅಂಕಣದಲ್ಲಿ ತಕರಾರು ಕಡಿಮೆ:
ಮುಟ್ಟಿದನೋ ಇಲ್ಲವೋ, ಬನಿಯನ್ನೇ ಸಾಕ್ಷಿ.

ಹೋದ ವರ್ಷ ಕಲ್ಲು ಬಿದ್ದ ರಾತ್ರಿ
ಮೊದಲ ಕಲ್ಲು ಯಾರದು ಅಂತ ನನ್ನ ಕೇಳಬೇಡಿ.
ಕಲ್ಲಿಗೆ ನೀಲಿ ಹತ್ತಿತ್ತು, ಅಷ್ಟೇ ಗೊತ್ತು.
ಎರ್ರಿಸ್ವಾಮಿಯ ಎಡಗಣ್ಣು ಹೋಯಿತು.
ಬಾಷಾನ ಇಸ್ತ್ರಿ ಗಾಡಿ ಸುಟ್ಟಿತು.
ಆಮೇಲೆ ಶುರುವಾದವು ರಾತ್ರಿ ಎರಡರ ವಿಡಿಯೋಗಳು,
ಎಲ್ಲೋ ಕೂತ ಅಣ್ಣಂದಿರು, ಎಲ್ಲೋ ಕೂತ ಭಾಯಿಗಳು,
ದೇವರ ಹೆಸರು ಬೇರೆ, ಪ್ರಶ್ನೆ ಒಂದೇ:
‘ನೀನು ಗಂಡಸಲ್ಲವೇನು?’

ನನ್ನ ಹತ್ತಿರ ಉತ್ತರ ಇರಲಿಲ್ಲ,
ಬಿಸ್ಕೀಟು ಡಬ್ಬಿ ಇತ್ತು.
ಆಟಕ್ಕೆ ಮುಂಚೆ ಫೋನೆಲ್ಲ ಅದರೊಳಗೆ.
ಮುಚ್ಚಳದಡಿ ಗುಂಯ್‌ಗುಡುತ್ತಿರುತ್ತವೆ
ಶೀಷೆಯಲ್ಲಿ ಸಿಕ್ಕ ಕಣಜಗಳಂತೆ.

ಒಂದು ಸಂಜೆ ಬಿಳಿ ಕಾರಿನವನೊಬ್ಬ
ಜೆರ್ಸಿ ತಂದ, ಬೂಟು ತಂದ.
‘ನಮ್ಮ ಹುಡುಗರಿಗಷ್ಟೇ, ಮೇಡಂ’ ಅಂದ.
‘ಏಳು ಮಂದಿ ಆ ಕಡಿ, ಏಳು ಮಂದಿ ಈ ಕಡಿ.
ಒಂದು ಕಡಿ ನೀ ಒಯ್ದರ
ಇವರು ಯಾರ್ನ ಮುಟ್ಟಿ ಬರಬೇಕಪ್ಪ?’
ಅವನಿಗೆ ತಿಳಿಯಲಿಲ್ಲ. ಪೆಟ್ಟಿಗೆ ವಾಪಸು ಹೋಯಿತು.
ಹುಡುಗರು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.
ಬೂಟು ಚಂದ ಇದ್ದವು, ಸುಳ್ಳೇಕೆ.

ಈ ಆಟದಲ್ಲಿ ಸತ್ತವ ಹೊರಗೆ ಕೂಡುತ್ತಾನೆ,
ತನ್ನವರು ಒಂದು ಅಂಕ ತಂದರೆ
ಮಣ್ಣು ಕೊಡವಿ ಎದ್ದು ಬರುತ್ತಾನೆ.
‘ಕಣ್ಣು, ಟೀಚರ್?’
ಎರ್ರಿಸ್ವಾಮಿ ಒಮ್ಮೆ ಕೇಳಿದ.
ಸೀಟಿ ಊದಿದೆ. ಇನ್ನೇನು ಮಾಡಲಿ.
ಈಗ ಸ್ಕೋರು ಅವನದು.
ಒಂದೇ ಕಣ್ಣಲ್ಲಿ ಎರಡೂ ಕಡೆಯ ಕಾಲು ನೋಡುತ್ತಾನೆ,
ಅವನ ಮಾತಿಗೆ ಎದುರಿಲ್ಲ.

ನಾಲ್ಕು ದಿನದಿಂದ ಸ್ವಾಮಿ ಬಂದಿಲ್ಲ.
ಅವರವ್ವ ಹೇಳುತ್ತಾಳೆ, ಬಾಗಿಲು ಹಾಕಿಕೊಂಡಿರುತ್ತಾನೆ,
ಬಾಗಿಲ ಕೆಳಗೆ ರಾತ್ರಿಯೆಲ್ಲ ಬೆಳಕು.

ಇವತ್ತು ವಲಿ ಡಬ್ಬಿಗೆ ಫೋನು ಹಾಕಿದ,
ಬರಿಗಾಲಲ್ಲಿ ಸುಣ್ಣದ ಗೆರೆ ತುಳಿದ,
ಅಂಕಣ ಬಿಟ್ಟು, ನಮ್ಮನ್ನು ಬಿಟ್ಟು,
ಆ ರಾತ್ರಿಯಿಂದೀಚೆ ಅವನ ಕಡೆಯವರು ಹೋಗದ
ಆ ಓಣಿಗೆ ಒಬ್ಬನೇ ನಡೆದ.

ಹದಿಮೂರು ಜನ ನಿಂತಿದ್ದಾರೆ.
ಸೀಟಿ ಬಾಯಲ್ಲಿದೆ, ಊದಿಲ್ಲ.
ದೂರದಿಂದ ಕೇಳುತ್ತಿದೆ
ತನ್ನದೇ ಹೆಸರನ್ನು ತಾನೇ ಕೂಗುತ್ತ ಹೋಗುವ ದನಿ,
ಹೊನ್ನೂರಾ ಹೊನ್ನೂರಾ ಹೊನ್ನೂರಾ,
ಉಸಿರು ಬಿಡದೆ.