ಟಿಕಳಿ ಹಚ್ಚಿದ ದೀಪ

ಮೀಟರಿನ ಕನ್ನಡಿ ಮ್ಯಾಲ
ಮೆರೂನ್ ಬಣ್ಣದ್ದೊಂದು ಟಿಕಳಿ.
ಕಿತ್ತೆ. ಅದರ ಅಡಿಗೆ ಹಳದಿ ದೀಪ,
ಎಬಿಎಸ್ ಅಂತ ಮೂರಕ್ಷರ, ರೆಪ್ಪಿ ಬಡೀಲಾರದ.
"ಎರಡು ವರ್ಷಾತು ಮಿಸ್ತ್ರಿ, ರಾತ್ರಿ ಕಣ್ಣಿಗೆ ಚುಚ್ಚತಿತ್ತು,
ಮುಚ್ಚಿದೆ" ಅಂದ್ರು ಶಕುಂತಲಾ ಸಿಸ್ಟರು.
ಇಪ್ಪತ್ತಾರು ವರ್ಷ ಹೆರಿಗಿ ಮಾಡಿಸಿದ ಕೈ
ಸ್ಟೇರಿಂಗ್ ಮ್ಯಾಲ ಇನ್ನೂ ನಡುಗತಿತ್ತು.

ನಿನ್ನೆ ಸಂಜಿ, ಹೊಂಬಳ ರಸ್ತೆಯಾಗ,
ಟ್ರ್ಯಾಕ್ಟರ್ ಗಾಲಿ ಉದುರಿಸಿ ಹೋದ ಎರಿಮಣ್ಣು,
ಅದರ ಮ್ಯಾಲ ನಾಕು ಹನಿ. ಸಾಕಲ್ಲ.
ಬ್ರೇಕ್ ಒತ್ತಿದ್ರು. ಗಾಲಿ ನಿಂತವು. ಗಾಡಿ ನಿಲ್ಲಲಿಲ್ಲ.
ಜಾರಿ ಹೋಗಿ ಹೋಗಿ
ಹಿಂಡಿನ ಕಡೀ ಕುರಿಯ ಬಾಲಕ್ಕ ಒಂದು ಗೇಣಿನಾಗ...
"ಅದು ತಿರುಗಿ ಸುದ್ದಾ ನೋಡಲಿಲ್ಲ" ಅಂತ ನಕ್ಕರು,
ನಗಿ ಪೂರ್ತಿ ಆಗಲಿಲ್ಲ.

ಸ್ಕ್ಯಾನರ್ ಚುಚ್ಚಿದೆ. ಎರಡನೇ ಕೈದು, ಮಾತು ಕಡಿಮಿ:
ಬಲಗಡೆ ಹಿಂದಿನ ಗಾಲಿ, ಸೆನ್ಸಾರ್.
ನಂಬಿದೆ.
ಹುಬ್ಬಳ್ಳಿಯಿಂದ ಬಸ್ಸಿನಾಗ ತರಿಸಿದೆ, ಎರಡು ಸಾವಿರದ ಎಂಟುನೂರು.
ಜಂಗು ಹಿಡಿದ ಹಳೇದಕ್ಕ ಡೀಸೆಲ್ ಉಣಿಸಿ, ಬೈದು, ರಮಿಸಿ,
ಮುರೀದಂಗ ಕಿತ್ತು, ಹೊಸದು ಕೂಡಿಸಿದೆ.
ದೀಪ ಆರಿತು. ದಾವಲ್ ಚಾ ತಂದ.
ಮುಳಗುಂದ ನಾಕಾ ಮುಟ್ಟೂದ್ರಾಗ,
ಆಳು ನಡಿಯೂ ವೇಗದಾಗ,
ಮತ್ತ ಹತ್ತಿತು.

ಹದಿನೆಂಟು ವರ್ಷದ ಗಾಡಿ, ಬಿಟ್ಟುಬಿಡ್ರಿ ಅನ್ನೂದು ಸುಲಭ.
ಫ್ಯೂಜ್ ತಗದುಬಿಡೂದು ಇನ್ನೂ ಸುಲಭ.
ಟಿಕಳಿ ಎಲ್ಲಾದಕ್ಕಿಂತ ಸೋವಿ.

ಸಿಸ್ಟರು ಸ್ಟೂಲ್ ಮ್ಯಾಲ ಕುಂತು ಅಂದ್ರು:
"ಕಾಗದ ಏನರ ಹೇಳಲಿ, ನಾ ಮೊದಲ ಹೊಟ್ಟಿ ಮುಟ್ಟಿ ನೋಡತೀನಿ.
ನೀ ಗಾಲಿ ಮುಟ್ಟಿ ಏನು?"

ಮುಟ್ಟಿರಲಿಲ್ಲ.

ಹಳೇ ಸೆನ್ಸಾರಿಗೆ ಮೀಟರ್ ಹಿಡಿದೆ: ಸಾವಿರದ ನೂರು ಓಮ್.
ಎಡಗಡೆದ್ದಕ್ಕ: ಸಾವಿರದ ನೂರು.
ತಪ್ಪು ಅದರದಲ್ಲ.
ಡ್ರಮ್ ಬಿಚ್ಚಿ ತೊಡಿ ಮ್ಯಾಲ ಇಟಗೊಂಡೆ.
ಅದರ ಕೊರಳಿಗೆ ಉಕ್ಕಿನದೊಂದು ಬಳಿ, ಸುತ್ತ ಹಲ್ಲು.
ಹಲ್ಲು ದಾಟಿದಂಗೆಲ್ಲಾ ಸೆನ್ಸಾರ್ ಎಣಸತೈತಿ,
ಆ ಲೆಕ್ಕದ ಮ್ಯಾಲನ ಗೊತ್ತು, ಗಾಲಿ ಓಡತೈತೋ ನಿಂತೈತೋ.
ಒಣಗಿದ ಎರಿಮಣ್ಣು ಬ್ರಷ್ಷಿಲೆ ಉದುರಿಸಿ
ಉಗುರು ಇಟ್ಟು ಎಣಿಸಿದೆ. ಹದಿನೇಳು, ಹದಿನೆಂಟು,
ಹತ್ತೊಂಬತ್ತರ ಹತ್ತಿರ ಉಗುರು ಒಳಗ ಇಳೀತು.
ಅಡಿಯಾಗ ಜಂಗು ಉಬ್ಬಿ ಬಳಿ ಸೀಳಿತ್ತು, ಕೂದಲೆಳಿಯಷ್ಟು.
ಸುತ್ತಿಗೊಮ್ಮೆ ಲೆಕ್ಕ ತಪ್ಪಿ
ಓಡೂ ಗಾಲಿ ಎಡವಿದೆ ಅಂತ ಸುಳ್ಳು ಹೇಳತಿತ್ತು;
ಪೆಟ್ಟಿಗಿ ಬ್ಯಾಸತ್ತು, ದೀಪ ಹಚ್ಚಿ, ಸುಮ್ಮನಾಗಿತ್ತು.

ಬಳಿ ಒಂದನ್ನ ಯಾರೂ ಮಾರಲಿಲ್ಲ.
ಗುಜರಿಯಾಗ ಇದರದೊಂದು ತಂಗಿ ಇತ್ತು,
ಲಾರಿ ಗುದ್ದಿ ಮೂಗು ಹೋದದ್ದು, ಹಿಂದಿನ ಗಾಲಿ ನೆಟ್ಟಗ.
ಅದರ ಬಳಿ ಇಳಿಸಿದೆ.
ಏರಿಸಾಕ ಕಾಸಬೇಕು. ಬೆಂಕಿ ನೇರ ಹಿಡಿದ್ರ ಸೊಟ್ಟ ಆಗತೈತಿ.
ಬಾಜೂಕ ಫಕೀರವ್ವನ ಮಿರ್ಚಿ ಬಾಣಲಿ.
"ನಿನ್ನ ಗಾಡಿ ಹಲ್ಲು ನನ್ನ ಎಣ್ಣ್ಯಾಗಾ?" ಅಂತ ಬೈದ್ಲು,
ಕಡೀ ಘಾಣ ಇಳಿಯೂ ತನಕ ಕಾಯಿಸಿ
ಚೆಲ್ಲೂ ಎಣ್ಣ್ಯಾಗ ಬಿಡಾಕ ಕೊಟ್ಲು.
ಇಕ್ಕಳದಾಗ ಎತ್ತಿ ತಣ್ಣನ ಕೊರಳಿಗೆ ಇಳಿಸಿದೆ.
ಮೂರು ಎಣಿಸೂದ್ರಾಗ ಬಿಗೀತು.
ಗ್ಯಾರೇಜ್ ತುಂಬ ಹಸಿಮೆಣಸಿನ ಘಾಟು, ದಾವಲನ ಸೀನು.

ಮರುದಿನ ಅದ ರಸ್ತೆ, ಅದ ರಾಡಿ. ನಾ ಬಾಜೂಕ.
"ಒತ್ರಿ. ಪೂರಾ ಒತ್ರಿ."
ಪೆಡಲ್ ಕಾಲಡಿ ಗುದ್ದಿತು, ಗರಗರಗರ,
ಹಿಡಿ ಬಿಡು ಹಿಡಿ ಬಿಡು ಹಿಡಿ,
ಮನುಷ್ಯಾನ ಕಾಲಿಗೆ ಬರದ ಚುರುಕು.
ಹೆದರಿ ಕಾಲು ಎತ್ತತಾರ ಎಲ್ಲಾರೂ. ಇವರು ಎತ್ತಲಿಲ್ಲ.
ಗಾಡಿ ನಿಂತತು, ರಸ್ತೆ ಮ್ಯಾಲನ, ಮುಂದ ನೋಡಕೋತ.
"ಏಳು ತಿಂಗಳದ್ದು ಹಿಂಗ ಒದೀತೈತಿ" ಅಂದ್ರು.
ಒಂದು ಗಳಿಗಿ ಬಿಟ್ಟು,
"ಒದೀಲಿಲ್ಲಂದ್ರನ ನಾವು ಓಡೂದು."

ಹಳೇ ಸೆನ್ಸಾರ್ ಅಲ್ಲೇ ಐತಿ, ತನ್ನ ಜಾಗಾದಾಗ.
ಹೊಸದನ್ನ ಬಿಲ್ಲಿನಾಗ ಬರೀಲಿಲ್ಲ;
ಸ್ಕ್ಯಾನರಿನ ಮಗ್ಗಲಿಗೆ ಡಬ್ಬಿಯಾಗ ಇಟ್ಟೀನಿ, ದಿನಾ ಕಾಣೂವಂಗ.
ದಾವಲ್ ಮೀಟರಿನ ಕನ್ನಡಿ ಎರಡು ಸಲ ಒರಸಿದ.
ದೀಪ ಇಲ್ಲ.
ಟಿಕಳಿಯ ಅಂಟು ಮಾತ್ರ
ದುಂಡಗ, ಹಂಗ ಐತಿ.